ವಿದೇಶದಲ್ಲಿ ಕೆಲಸ, ಎರಡು ಕಡೆ ಕಡಿತ: ಒಪ್ಪಂದ ಯಾರ ನೆರವಿಗೆ?

ಪ್ರಶ್ನೆ: ಕಂಪನಿ ನನ್ನನ್ನು ಮೂರು ವರ್ಷಕ್ಕೆ ಜರ್ಮನಿಗೆ ಕಳಿಸುತ್ತಿದೆ. ಇಲ್ಲಿ ಪಿಎಫ್ ಕಟ್ಟುತ್ತಲೇ ಅಲ್ಲೂ ಪಿಂಚಣಿ ವಂತಿಗೆ ಕಟ್ಟಬೇಕೆ? (ಬೆಂಗಳೂರಿನ ಓದುಗರು)

ಕಟ್ಟಬೇಕಿಲ್ಲ. ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಆದರೆ ವಿನಾಯಿತಿ ತಾನಾಗಿ ಸಿಗುವುದಿಲ್ಲ, ಹೊರಡುವ ಮೊದಲೇ ‘ಸರ್ಟಿಫಿಕೇಟ್ ಆಫ್ ಕವರೇಜ್’ ಪಡೆಯಬೇಕು. ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಒ ವೆಬ್‌ಸೈಟಿನ ಇಂಟರ್‌ನ್ಯಾಷನಲ್ ವರ್ಕರ್ಸ್ ವಿಭಾಗದಲ್ಲಿ ಅರ್ಜಿ ಇದೆ. ಯುಎಎನ್ (ಪಿಎಫ್ ಸದಸ್ಯರ ಖಾತೆ ಸಂಖ್ಯೆ), ಪಾಸ್‌ಪೋರ್ಟ್ ಸಂಖ್ಯೆ, ಅಲ್ಲಿನ ಕಂಪನಿಯ ವಿಳಾಸ, ಹೋಗುವ ಮತ್ತು ಮರಳುವ ದಿನಾಂಕ ಬೇಕು. ಅರ್ಜಿಗೆ ನಿಮ್ಮ ಜೊತೆ ಕಂಪನಿಯ ಸಹಿಯೂ ಇರಬೇಕು. ಸರ್ಟಿಫಿಕೇಟ್ ಕೊಡುವುದು ನಿಮ್ಮ ಕಂಪನಿಯ ಪಿಎಫ್ ಖಾತೆ ಇರುವ ಪ್ರಾದೇಶಿಕ ಕಚೇರಿ.

ಅರ್ಜಿ ಸಿಕ್ಕಿಬೀಳುವುದು ಸಣ್ಣ ವಿಷಯಗಳಲ್ಲೇ. ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರಿದ್ದು ಯುಎಎನ್‌ನಲ್ಲಿ ಬರೀ ಇನಿಷಿಯಲ್ ಇದ್ದರೆ ಎರಡೂ ತಾಳೆಯಾಗುವುದಿಲ್ಲ. ಇದನ್ನು ಮೊದಲೇ ಸರಿಪಡಿಸಿಕೊಳ್ಳಿ. ಇನ್ನೊಂದು, ಅಲ್ಲಿರುವಷ್ಟೂ ಕಾಲ ಇಲ್ಲಿನ ಪಿಎಫ್ ತಪ್ಪದೆ ಕಟ್ಟಬೇಕು. ‘ಇವರು ಭಾರತದಲ್ಲಿ ವಂತಿಗೆ ಕಟ್ಟುತ್ತಿದ್ದಾರೆ’ ಎಂಬುದೇ ಆ ಸರ್ಟಿಫಿಕೇಟಿನ ಆಧಾರ. ಇಲ್ಲಿ ಕಟ್ಟುವುದು ನಿಂತರೆ ಅಲ್ಲಿನ ವಿನಾಯಿತಿಗೂ ಬುಡವಿಲ್ಲ.

ವಿನಾಯಿತಿ ಅವಧಿಯ ಮಿತಿ ಒಂದೊಂದು ದೇಶಕ್ಕೆ ಒಂದೊಂದು ಥರ. ಜರ್ಮನಿಗೆ 48 ತಿಂಗಳು, ಒಪ್ಪಿಗೆ ಸಿಕ್ಕರೆ ಇನ್ನೂ 12. ಜಪಾನ್‌ಗೆ ಐದು ವರ್ಷ. ಭಾರತದ ಇಂಥ ಮೊದಲ ಒಪ್ಪಂದ ಬೆಲ್ಜಿಯಂ ಜೊತೆಗಿನದು, 2009ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು, ಅಲ್ಲಿಗೆ 60 ತಿಂಗಳು.

ಪ್ರಶ್ನೆ: ಇಲ್ಲಿನ ಕೆಲಸ ಬಿಟ್ಟು ಜರ್ಮನಿಯ ಕಂಪನಿಯನ್ನೇ ಸೇರಿ ಮೂರು ವರ್ಷ ದುಡಿದು ಬಂದೆ. ಅಲ್ಲಿ ಕಟ್ಟಿದ ಹಣ ಹೋಯಿತೇ? (ಮಂಗಳೂರಿನ ಓದುಗರು)

ಅಲ್ಲಿನ ಕಂಪನಿಯೇ ನೇಮಿಸಿಕೊಂಡವರಿಗೆ ಸರ್ಟಿಫಿಕೇಟ್ ಸಿಗುವುದಿಲ್ಲ, ಹಾಗಾಗಿ ಕಡಿತ ಸರಿಯಾಗಿಯೇ ಆಗಿದೆ. ಆದರೆ ಹಣ ಹೋಗಿಲ್ಲ. ಎರಡೂ ದೇಶಗಳಲ್ಲಿ ದುಡಿದ ಅವಧಿಯನ್ನು ಕೂಡಿಸಿ ಎಣಿಸುವುದು ಈ ಒಪ್ಪಂದದ ನಿಜವಾದ ಬಲ, ನಮ್ಮಲ್ಲಿ ಬಹಳಷ್ಟು ಜನರಿಗೆ ಅದೇ ಗೊತ್ತಿಲ್ಲ.

ಜರ್ಮನಿಯಲ್ಲಿ ವೃದ್ಧಾಪ್ಯ ಪಿಂಚಣಿಗೆ ಕನಿಷ್ಠ ಐದು ವರ್ಷದ ವಂತಿಗೆ ಬೇಕು, ಪಿಎಫ್ ಜೊತೆಗೇ ಬರುವ ನಮ್ಮ ಪಿಂಚಣಿ ಯೋಜನೆ ಇಪಿಎಸ್‌ಗೆ ಹತ್ತು. ನಿಮ್ಮದು ಭಾರತದಲ್ಲಿ ಎಂಟು, ಜರ್ಮನಿಯಲ್ಲಿ ಮೂರು ಎಂದಿಟ್ಟುಕೊಳ್ಳಿ. ಪ್ರತ್ಯೇಕವಾಗಿ ನೋಡಿದರೆ ಎರಡೂ ಕಡೆ ಅನರ್ಹರು, ಕೂಡಿಸಿದರೆ ಹನ್ನೊಂದಾಗಿ ಎರಡೂ ಕಡೆ ಅರ್ಹರು. ಜರ್ಮನಿ ಮೂರು ವರ್ಷದ ಪಾಲು ಕೊಡುತ್ತದೆ, ಭಾರತ ಎಂಟರದು. ಒಂದೇ ತಿಂಗಳನ್ನು ಎರಡು ಸಲ ಎಣಿಸುವುದಿಲ್ಲ.

ಈ ಲೆಕ್ಕವನ್ನು ಹಾಳುಮಾಡುವುದು ಅವಸರ. ಕೆಲಸ ಬಿಟ್ಟ ಮೇಲೆ ಫಾರ್ಮ್ 10ಸಿ ಹಾಕಿ ಇಪಿಎಸ್ ಹಣ ತೆಗೆದರೆ ಆ ಎಂಟು ವರ್ಷ ಅಳಿಸಿಹೋಗುತ್ತದೆ. ಅದೇ ಫಾರ್ಮಿನಲ್ಲಿ ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿ, ಸೇವಾವಧಿ ಉಳಿಯುತ್ತದೆ. ಜಪಾನ್‌ನಿಂದ ಬಂದವರದೂ ಇದೇ ಕಥೆ: ದೇಶ ಬಿಟ್ಟ ಎರಡು ವರ್ಷದೊಳಗೆ ಕೇಳಿದರೆ ಅಲ್ಲಿ ಒಂದಷ್ಟು ಇಡಿಗಂಟು ಸಿಗುತ್ತದೆ, ಅದನ್ನು ಪಡೆದವರ ಅಲ್ಲಿನ ಅವಧಿ ಮುಂದೆ ಕೂಡಿಕೆಗೆ ಬರುವುದಿಲ್ಲ. ನಲವತ್ತರೊಳಗಿನವರು ಆ ಹಣದ ಆಸೆ ಬಿಡುವುದೇ ಲೇಸು ಎಂಬುದು ನಮ್ಮ ಸಲಹೆ.

ಪ್ರಶ್ನೆ: ಅಮೆರಿಕದ ಜೊತೆ ಯಾಕೆ ಇಂಥ ಒಪ್ಪಂದವಿಲ್ಲ? (ಹುಬ್ಬಳ್ಳಿಯ ಓದುಗರು)

ಕೇಳಿದ್ದು ಭಾರತ, ಒಪ್ಪದಿರುವುದು ಅಮೆರಿಕ. ಎದುರು ದೇಶದ ಪಿಂಚಣಿ ವ್ಯವಸ್ಥೆ ಸಾರ್ವತ್ರಿಕವಾಗಿರಬೇಕು ಎಂದು ಅವರ ಕಾನೂನು ಹೇಳುತ್ತದೆ. ನಮ್ಮ ಅಸಂಘಟಿತ ವಲಯದ ಕೋಟ್ಯಂತರ ಜನ ಪಿಎಫ್‌ನ ಹೊರಗಿರುವುದನ್ನು ಅವರು ತೋರಿಸುತ್ತಾರೆ. ಒಪ್ಪಂದವಾದರೆ ಅವರ ಖಜಾನೆಗೆ ಬರುವ ಹಣ ಕಡಿಮೆಯಾಗುತ್ತದೆ ಎಂಬುದೂ ಅಷ್ಟೇ ನಿಜ. ಅಲ್ಲಿ ಸೋಷಿಯಲ್ ಸೆಕ್ಯುರಿಟಿಗೆ ನೌಕರನಿಂದ ಶೇ 6.2, ಕಂಪನಿಯಿಂದಲೂ ಶೇ 6.2 ಹೋಗುತ್ತದೆ. ಪಿಂಚಣಿಗೆ 40 ಕ್ರೆಡಿಟ್, ಎಂದರೆ ಕನಿಷ್ಠ ಹತ್ತು ವರ್ಷದ ದುಡಿಮೆ ಬೇಕು. ಎಚ್-1ಬಿ ವೀಸಾದ ಸಾಮಾನ್ಯ ಮಿತಿ ಆರು ವರ್ಷ. ಆರು ವರ್ಷ ಕಟ್ಟಿ ಬರಿಗೈಲಿ ಮರಳುವವರಿಗೆ ಆಗುತ್ತಿರುವುದು ಅನ್ಯಾಯ, ಯಾವುದೇ ವ್ಯಾಪಾರ ಮಾತುಕತೆಯಲ್ಲೂ ದೆಹಲಿ ಇದನ್ನು ಕೈಬಿಡಬಾರದು.

ಪ್ರಶ್ನೆ: ಇಲ್ಲಿ ದುಡಿಯುವ ವಿದೇಶಿಯರೂ ಪಿಎಫ್ ಕಟ್ಟಬೇಕೆ? (ಮೈಸೂರಿನ ಓದುಗರು)

2008ರ ಅಕ್ಟೋಬರ್‌ನಿಂದ ನಿಯಮ ಹಾಗಿದೆ. ನಮ್ಮವರಿಗಿರುವ 15,000 ರೂಪಾಯಿಯ ವೇತನ ಮಿತಿ ಅವರಿಗಿಲ್ಲ, ಪೂರ್ತಿ ಸಂಬಳದ ಮೇಲೆ ಕಟ್ಟಬೇಕು. ಬೇರೆ ದೇಶಗಳನ್ನು ಒಪ್ಪಂದದ ಮೇಜಿಗೆ ತರಲು ಇದೂ ಒಂದು ಪಟ್ಟು. ಈ ವಿಶೇಷ ನಿಯಮವನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಅಸಾಂವಿಧಾನಿಕ ಎಂದಿತು. ಹಾಗೆಂದು ಕಂಪನಿಗಳು ವಕೀಲರನ್ನು ಕೇಳದೆ ಕಡಿತ ನಿಲ್ಲಿಸುವುದು ಅಪಾಯ. ಒಪ್ಪಂದವಿರುವ ದೇಶದ ಕಂಪನಿ ಕಳಿಸಿದ ನೌಕರರಿಗೆ ಈ ಗೊಡವೆಯೇ ಇಲ್ಲ, ತಮ್ಮ ದೇಶದ ಸರ್ಟಿಫಿಕೇಟ್ ತಂದರೆ ಅದರ ಅವಧಿ ಮುಗಿಯುವವರೆಗೆ ಇಲ್ಲಿ ಪಿಎಫ್ ಕಟ್ಟಬೇಕಿಲ್ಲ.