ಮಂಚದಡಿ ಅಡಗಿದ ನಾಯಿಯನ್ನು ಹೊರಗೆಳೆಯಬೇಡಿ

ಪ್ರಶ್ನೆ: ಹತ್ತು ದಿನಗಳ ಹಿಂದೆ ಅನಾಥ ನಾಯಿಗಳ ಶೆಲ್ಟರ್‌ನಿಂದ ಮೂರು ವರ್ಷದ ಹೆಣ್ಣು ನಾಯಿಯನ್ನು ಮನೆಗೆ ತಂದೆವು. ಬಂದ ದಿನದಿಂದ ಮಂಚದಡಿ ಸೇರಿಕೊಂಡಿದೆ. ನಾವು ಎದುರಿಗಿದ್ದರೆ ಊಟ ಮುಟ್ಟುವುದಿಲ್ಲ, ಬೆಳಗ್ಗೆ ನೋಡಿದರೆ ತಟ್ಟೆ ಖಾಲಿ. ಮೊನ್ನೆ ಎಂಟು ವರ್ಷದ ಮಗ ಕೈ ಹಾಕಿ ಕರೆಯಲು ಹೋದಾಗ ಗುರ್ ಎಂದಿತು. ನನ್ನ ಗಂಡ ಗದರಿದರು, ಅದು ಇದ್ದಲ್ಲೇ ಉಚ್ಚೆ ಹೊಯ್ದುಕೊಂಡಿತು. ಇದಕ್ಕೆ ನಮ್ಮ ಮನೆ ಹಿಡಿಸುತ್ತಿಲ್ಲವೇ? ವಾಪಸ್ ಬಿಡುವುದೇ ಒಳ್ಳೆಯದೇ?

ಉತ್ತರ: ಈಗಲೇ ಆ ತೀರ್ಮಾನಕ್ಕೆ ಬರಬೇಡಿ. ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುದ್ದಿ ಇದೆ: ರಾತ್ರಿ ಅದು ಹೊರಗೆ ಬಂದು ಉಣ್ಣುತ್ತಿದೆ. ಅಂದರೆ ಮನೆಯ ಬಗ್ಗೆ ಅದಕ್ಕೆ ಅಷ್ಟೇನೂ ಭಯವಿಲ್ಲ. ಭಯ ಇರುವುದು ಓಡಾಡುವ, ಮಾತಾಡುವ, ಕೈ ಚಾಚುವ ಮನುಷ್ಯರ ಬಗ್ಗೆ.

ಶೆಲ್ಟರ್‌ಗಳಲ್ಲಿ ಕೆಲಸ ಮಾಡುವವರು ಹೊಸಬರಿಗೆ 3-3-3 ಎಂಬ ಲೆಕ್ಕ ಹೇಳುತ್ತಾರೆ. ಮೊದಲ 3 ದಿನ ದಿಗಿಲು, 3 ವಾರದಲ್ಲಿ ಮನೆಯ ದಿನಚರಿಯ ಪರಿಚಯ, 3 ತಿಂಗಳಿಗೆ ಇದು ನನ್ನ ಮನೆ ಎಂಬ ಭಾವ. ಇದು ಅನುಭವದ ಅಂದಾಜು, ಕ್ಯಾಲೆಂಡರ್ ಅಲ್ಲ. ಅಂಜುಬುರುಕ ನಾಯಿಗೆ ಇದರ ಎರಡು ಪಟ್ಟು ಹಿಡಿದರೂ ನಾನು ಗಾಬರಿಯಾಗುವುದಿಲ್ಲ. ಶೆಲ್ಟರ್‌ನಲ್ಲಿ ಶಾಂತವಾಗಿ ಕಂಡಿದ್ದ ನಾಯಿಯೂ ಎಷ್ಟೋ ಸಲ ಹೆದರಿಕೆಯಿಂದ ಮರಗಟ್ಟಿ ಕುಳಿತಿರುತ್ತದೆ, ಅದರ ನಿಜ ಸ್ವಭಾವ ಆಮೇಲೆ ಬಿಚ್ಚಿಕೊಳ್ಳುತ್ತದೆ.

ಮೊದಲು ಆ ಗುರ್ ವಿಷಯ. ಅದು ನಾಯಿಯ ಮಾತು, 'ಹತ್ತಿರ ಬರಬೇಡ' ಎಂಬ ಕೋರಿಕೆ. ಮುಖ ತಿರುಗಿಸುವುದು, ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿಭಾಗ ಕಾಣುವ ವಾರೆನೋಟ, ಇಷ್ಟೆಲ್ಲ ಹೇಳಿದರೂ ಯಾರೂ ಕೇಳದಿದ್ದಾಗ ಅದು ಗುರ್ ಎನ್ನುತ್ತದೆ. ಅದಕ್ಕೂ ಗದರಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಕೊಡುವುದಷ್ಟೇ ನಿಲ್ಲುತ್ತದೆ. ಮುಂದಿನ ಸಲ ನೇರ ಕಚ್ಚಬಹುದು. ಉಚ್ಚೆಯೂ ಹಟದ್ದಲ್ಲ, ಹೆದರಿ ತಾನಾಗಿ ಆದದ್ದು. ಸದ್ದಿಲ್ಲದೆ ಒರೆಸಿಬಿಡಿ. ಮಗನಿಗೆ ಒಂದೇ ನಿಯಮ: ಮಲಗಿದ, ಉಣ್ಣುತ್ತಿರುವ, ಅಡಗಿರುವ ನಾಯಿಯ ಹತ್ತಿರ ಹೋಗುವಂತಿಲ್ಲ. ಈ ನಿಯಮ ತಪ್ಪದಂತೆ ನೋಡಿಕೊಳ್ಳುವ ಹೊಣೆ ದೊಡ್ಡವರದ್ದು. ಮಗ ಮತ್ತು ನಾಯಿ ಇಬ್ಬರನ್ನೇ ಒಂದು ಕ್ಷಣವೂ ಬಿಡಬೇಡಿ.

ಮಂಚದಡಿಯ ಜಾಗವನ್ನು ಅದಕ್ಕೇ ಬಿಟ್ಟುಕೊಡಿ. ಒಂದು ಹಾಸು ಹಾಕಿ, ನೀರನ್ನು ಹತ್ತಿರದಲ್ಲೇ ಇಡಿ. ದಿನಕ್ಕೆ ಎರಡು ಮೂರು ಸಲ, ಹತ್ತು ನಿಮಿಷ, ದೂರದಲ್ಲಿ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು ಏನಾದರೂ ಓದಿಕೊಳ್ಳಿ. ದಿಟ್ಟಿಸಬೇಡಿ, ಕರೆಯಬೇಡಿ. ಆಗಾಗ ಒಂದು ರುಚಿಯಾದ ತುಣುಕನ್ನು ಅದರ ಕಡೆಗೆ ಎಸೆಯಿರಿ. ಅದು ಮುಂದೆ ಬಂದು ತಿಂದರೆ, ಮುಂದಿನ ತುಣುಕನ್ನು ಅದರ ಬೆನ್ನ ಹಿಂದಕ್ಕೆ ಎಸೆಯಿರಿ.

ಹಿಂದಕ್ಕೇಕೆ ಎಂದು ಬಹಳ ಜನ ಕೇಳುತ್ತಾರೆ. ಕೈಯಲ್ಲಿ ತಿಂಡಿ ಹಿಡಿದು ಹತ್ತಿರ ಸೆಳೆದರೆ ಹೊಟ್ಟೆ ಅದನ್ನು ಮುಂದಕ್ಕೆ ಎಳೆಯುತ್ತದೆ, ಭಯ ಹಿಂದಕ್ಕೆ. ತಿಂಡಿ ಮುಗಿದ ಕ್ಷಣ, ತನಗೆ ಬೇಡವಾದಷ್ಟು ಹತ್ತಿರ ಬಂದುಬಿಟ್ಟಿದ್ದೇನೆ ಎಂದು ಅದಕ್ಕೆ ಅರಿವಾಗುತ್ತದೆ. ಆಗ ಅದು ಕಚ್ಚಲೂಬಹುದು. ಹಿಂದಕ್ಕೆ ಎಸೆದರೆ ದೂರ ಹೋಗುವ ಸ್ವಾತಂತ್ರ್ಯವೂ ಬಹುಮಾನವೇ ಆಗುತ್ತದೆ. ಹೀಗೆ ಹೋಗಿಬರುತ್ತ ಒಂದು ದಿನ ತಾನಾಗಿ ನಿಮ್ಮ ಮೊಣಕಾಲು ಮೂಸುತ್ತದೆ. ಆಗಲೂ ತಲೆಯ ಮೇಲೆ ಕೈ ತರಬೇಡಿ. ಮತ್ತೆ ಮತ್ತೆ ಬಂದು ಒರಗತೊಡಗಿದ ಮೇಲೆ ಎದೆಯ ಬಳಿ ಮೂರು ಸೆಕೆಂಡು ಸವರಿ, ಕೈ ತೆಗೆದು ನೋಡಿ. ಇನ್ನೂ ಬೇಕೆಂದು ಒತ್ತಿಕೊಂಡರೆ ಮುಂದುವರಿಸಿ, ಮುಖ ತಿರುಗಿಸಿದರೆ ಅಲ್ಲಿಗೆ ಸಾಕು.

ಸ್ನಾನ, ನೆಂಟರು, ಹೊಸ ಆಟಿಕೆಗಳ ರಾಶಿ, ಇವೆಲ್ಲ ಸದ್ಯಕ್ಕೆ ಬೇಡ. ಶೆಲ್ಟರ್‌ನಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೊಡಿ. ಬದಲಿಸುವುದಿದ್ದರೆ 7ರಿಂದ 10 ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋಗಿ, ಇಲ್ಲವಾದರೆ ಭೇದಿ ಹತ್ತಬಹುದು.

ನನಗೆ ನಿಜವಾಗಿ ಆತಂಕ ಇರುವುದು ನಿಮ್ಮ ಬಾಗಿಲಿನ ಬಗ್ಗೆ. ಹೊಸದಾಗಿ ಬಂದ ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಈ ಮೊದಲ ವಾರಗಳಲ್ಲೇ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕೊರಳಪಟ್ಟಿ ತಲೆಯಿಂದ ಸರಾಗ ಜಾರುತ್ತದೆ. ಹಾಗಾಗಿ ಹೊರಗೆ ಕರೆದೊಯ್ಯುವಾಗ ಮೈಗೆ ಸರಿಯಾಗಿ ಹೊಂದುವ ಹಾರ್ನೆಸ್ಸನ್ನೂ (ಎದೆ, ಬೆನ್ನು ಸುತ್ತುವ ಪಟ್ಟಿ) ಹಾಕಿ, ಎರಡಕ್ಕೂ ಹಗ್ಗ ಕಟ್ಟಿ. ಕೊರಳಲ್ಲಿ ನಿಮ್ಮ ಫೋನ್ ನಂಬರಿನ ಬಿಲ್ಲೆ ಇರಲಿ. ಚರ್ಮದಡಿ ಸೇರಿಸಿದ ಗುರುತಿನ ಮೈಕ್ರೋಚಿಪ್ ಇದ್ದರೆ ಅದರ ನೋಂದಣಿ ನಿಮ್ಮ ಹೆಸರಿಗೆ ಬದಲಾಗಿದೆಯೇ ಎಂದು ಇವತ್ತೇ ನೋಡಿ.

ಒಮ್ಮೆ ಪಶುವೈದ್ಯರಿಗೂ ತೋರಿಸಿ. ಕಿವಿನೋವು, ಹಲ್ಲುನೋವು, ಕೀಲುನೋವು ಇರುವ ನಾಯಿಯೂ ಮುಟ್ಟಿಸಿಕೊಳ್ಳುವುದಿಲ್ಲ. ಇಡೀ ಒಂದು ದಿನ ಏನೂ ತಿನ್ನದಿದ್ದರೆ, ನೀರು ಕುಡಿಯದಿದ್ದರೆ ತಡಮಾಡಬೇಡಿ.

ಪ್ರಶ್ನೆ: ನಮ್ಮದು ತದ್ವಿರುದ್ಧ. ಎರಡು ತಿಂಗಳ ಹಿಂದೆ ತಂದ ಗಂಡು ನಾಯಿ ಸ್ನಾನದ ಮನೆಗೂ ಹಿಂಬಾಲಿಸುತ್ತದೆ. ನಾವು ಹೊರಗೆ ಹೋದರೆ ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ. ಜೊತೆಗೆ ಇನ್ನೊಂದು ನಾಯಿ ತರಲೇ?

ಉತ್ತರ: ಆ ಕಾರಣಕ್ಕೆ ತರಬೇಡಿ. ಅದು ಹಂಬಲಿಸುತ್ತಿರುವುದು ನಿಮಗಾಗಿ, ಇನ್ನೊಂದು ನಾಯಿಗಾಗಿ ಅಲ್ಲ. ಬೋನಿನಲ್ಲಿ ಕೂಡಿಹಾಕಲೂಬೇಡಿ. ದಿಗಿಲುಬಿದ್ದ ನಾಯಿ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳಬಹುದು.

ನೀವು ಹೊರಟ ಮೇಲೆ ಏನು ಮಾಡುತ್ತದೆಂದು ಮೊಬೈಲ್‌ನಲ್ಲಿ ಚಿತ್ರೀಕರಿಸಿ. ಎಷ್ಟು ಹೊತ್ತಿಗೆ ಚಡಪಡಿಕೆ ಶುರುವಾಗುತ್ತದೋ ಅದಕ್ಕಿಂತ ಮೊದಲೇ ಒಳಗೆ ಬನ್ನಿ. ಹತ್ತು ಸೆಕೆಂಡಾದರೆ ಐದಕ್ಕೇ ಬನ್ನಿ, ಅದು ಆರಾಮಾಗಿದ್ದರೆ ಮಾತ್ರ ಹೊತ್ತು ಹೆಚ್ಚಿಸಿ. ಈ ಅಭ್ಯಾಸ ನಡೆಯುವಷ್ಟು ವಾರ ಅದನ್ನು ಪೂರ್ತಿ ಒಂಟಿಯಾಗಿ ಬಿಡದಂತೆ ಮನೆಯವರು ಸರದಿ ಹಾಕಿಕೊಳ್ಳಿ. ಕಷ್ಟ ಎಂದು ಗೊತ್ತು, ಆದರೆ ಪ್ರತಿ ಸಲದ ದಿಗಿಲೂ ಹಿಂದಿನ ಅಭ್ಯಾಸವನ್ನು ಅಳಿಸಿಹಾಕುತ್ತದೆ. ಉಗುರು ಕಿತ್ತು ರಕ್ತ ಬರುವಷ್ಟು ಕೆರೆಯುತ್ತಿದ್ದರೆ ಪಶುವೈದ್ಯರನ್ನು ಕೇಳಿ. ಆತಂಕ ತಗ್ಗಿಸುವ ಔಷಧಿಗಳಿವೆ, ಈ ತರಬೇತಿಯ ಜೊತೆಗೆ ಅವನ್ನು ಕೊಡಿಸಲು ಹಿಂಜರಿಯಬೇಡಿ.