ಉರಿಮೂತ್ರಕ್ಕೆ ಹೇಳಿದ್ದು ಕಿಡ್ನಿಗೆ ಸಲ್ಲುವುದಿಲ್ಲ

ನಮಸ್ಕಾರ. ನಿಮ್ಮ ಪತ್ರ ಓದಿ ಗಾಬರಿಯಾಯಿತು. ಅಕ್ಕನಿಗೆ ಕಿಡ್ನಿ ಸೋಂಕು, ಡಾಕ್ಟರು ಕೊಟ್ಟಿದ್ದು ಹತ್ತು ದಿನದ ಆಂಟಿಬಯಾಟಿಕ್, ನಾಲ್ಕನೇ ದಿನ ಜ್ವರ ಬಿಟ್ಟಿದ್ದೇ ತಡ ಅವರು ಮಾತ್ರೆ ಬದಿಗಿಟ್ಟು ಕಷಾಯ ಶುರು ಮಾಡಿದ್ದಾರೆ. "ಕ್ರಾನ್‌ಬೆರಿ ಹಣ್ಣಿಗೆ, ಬೇರ್‌ಬೆರಿ ಗಿಡದ ಎಲೆಗೆ ಪುರಾವೆ ಇದೆ ಅಂತ ಕಳೆದ ಸಂಚಿಕೆಯಲ್ಲಿ ನೀವೇ ಬರೆದಿದ್ದೀರಲ್ಲ" ಅಂತ ಕೇಳಿದ್ದೀರಿ. ಮೊದಲು ಅಕ್ಕ ಇವತ್ತೇ ಡಾಕ್ಟರಿಗೆ ಫೋನ್ ಮಾಡಲಿ. ಮಾತ್ರೆ ಎಷ್ಟು ದಿನ ತಪ್ಪಿದೆ ಅಂತ ಮುಚ್ಚಿಡದೆ ಹೇಳಲಿ. ಉಳಿದದ್ದನ್ನು ಆಮೇಲೆ ಓದಿ.

ನಾವು ಬರೆದಿದ್ದು ಮೂತ್ರಕೋಶದ ಸೋಂಕಿನ ಬಗ್ಗೆ, ಅಂದರೆ ಉರಿಮೂತ್ರ. ಕಿಡ್ನಿಯ ಮಾತು ಬೇರೆ ಅಂತ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ, ತಪ್ಪು ನಮ್ಮದೇ.

ಕ್ರಾನ್‌ಬೆರಿ ವಿಷಯದಲ್ಲಿ ಪುರಾವೆ ಇರುವುದು ನಿಜ. ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು, ಸುಮಾರು 9,000 ಜನ. ಪದೇ ಪದೇ ಉರಿಮೂತ್ರ ಬರುವ ಹೆಂಗಸರಲ್ಲಿ ಅದು ಮತ್ತೆ ಬರುವ ಸಾಧ್ಯತೆ ಕಾಲು ಭಾಗದಷ್ಟು ಕಡಿಮೆಯಾಗಿತ್ತು. ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಕೂದಲಿನಂಥ ಎಳೆಗಳಿಂದ ಮೂತ್ರಕೋಶದ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಈ ಹಣ್ಣಿನಲ್ಲಿರುವ ಒಂದು ಅಂಶ ಆ ಅಂಟನ್ನು ತಡೆಯುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಆದರೆ ಇದು ಬರದಂತೆ ತಡೆಯುವ ಕೆಲಸ. ಆಗಲೇ ಮೇಲೆ ಹತ್ತಿ ಕಿಡ್ನಿಯಲ್ಲಿ ಬೇರೂರಿದ್ದನ್ನು ಕೀಳುವ ಕೆಲಸ ಅಲ್ಲ.

ಬೇರ್‌ಬೆರಿ ಎಲೆಯದು ಇನ್ನೂ ಎಚ್ಚರದ ಕಥೆ. ಅದರ ಅಂಶ ಮೂತ್ರಕ್ಕೆ ಬಂದು ಅಲ್ಲಿ ಕೆಲಸ ಮಾಡುತ್ತದೆ. ಆದರೆ ಕಿಡ್ನಿ ಸೋಂಕು ಇರುವುದು ಕಿಡ್ನಿಯ ಮಾಂಸದೊಳಗೆ, ಅಲ್ಲಿಗೆ ಔಷಧಿ ರಕ್ತದ ಮೂಲಕ ಸಾಕಷ್ಟು ಪ್ರಮಾಣದಲ್ಲಿ ತಲುಪಬೇಕು. ಜರ್ಮನಿಯಲ್ಲಿ ಬರೀ ಉರಿಮೂತ್ರ ಇದ್ದ ಸುಮಾರು 400 ಹೆಂಗಸರಲ್ಲಿ ಕೆಲವರಿಗೆ ಈ ಎಲೆ, ಉಳಿದವರಿಗೆ ಆಂಟಿಬಯಾಟಿಕ್ ಕೊಟ್ಟು ಹೋಲಿಸಿದರು. ಎಲೆ ತೆಗೆದುಕೊಂಡ ಬಹಳ ಜನಕ್ಕೆ ಆಂಟಿಬಯಾಟಿಕ್ ಬೇಕೇ ಆಗಲಿಲ್ಲ, ಅದು ಒಳ್ಳೆಯ ಸುದ್ದಿಯೇ. ಆದರೆ ಎಲೆ ತೆಗೆದುಕೊಂಡವರಿಗೆ ಉರಿ, ನೋವಿನ ತೊಂದರೆ ಜಾಸ್ತಿ ಇತ್ತು, ಸೋಂಕು ಕಿಡ್ನಿಗೆ ಏರಿದ್ದೂ ಆ ಗುಂಪಿನಲ್ಲೇ ಹೆಚ್ಚು. ಇಂಥ ಅಧ್ಯಯನಗಳಿಗೆ ಕಿಡ್ನಿ ಸೋಂಕಿನ ಅನುಮಾನ ಇರುವವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಸುಮ್ನೆ ಅಲ್ಲ, ಅದು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ.

ಅಕ್ಕನಿಗೆ ಆದದ್ದನ್ನು ನೀವೇ ಬರೆದಿದ್ದೀರಿ: ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು, ಡಾಕ್ಟರು ಬೆನ್ನಿನ ಪಕ್ಕೆಯ ಕೆಳಗೆ ಮೆಲ್ಲಗೆ ತಟ್ಟಿದ್ದಕ್ಕೇ ಕಿರುಚಿ ಎದ್ದು ಕೂತರು. ನಾಲ್ಕನೇ ದಿನ ಜ್ವರ ಬಿಟ್ಟಿದ್ದು ಮಾತ್ರೆಯಿಂದ, ಅಲ್ವಾ? ಜ್ವರ ಹೋಯಿತು ಅಂದರೆ ಬ್ಯಾಕ್ಟೀರಿಯಾ ಪೂರ್ತಿ ಹೋಯಿತು ಅಂತ ಅಲ್ಲ.

"ಗಿಡಮೂಲಿಕೆ ತಾನೇ, ಏನಾಗುತ್ತೆ" ಅಂತಲೂ ಕೇಳಿದ್ದೀರಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಗಿಡಮೂಲಿಕೆ ಮಾತ್ರೆ ನುಂಗಿದ ಹಲವು ಹೆಂಗಸರ ಕಿಡ್ನಿ ಕೆಟ್ಟುಹೋಯಿತು. ಒಂದು ಗಿಡದ ಬದಲು ಕಿಡ್ನಿಗೆ ವಿಷವಾದ ಅರಿಸ್ಟೊಲೋಕಿಯಾ ಜಾತಿಯ ಗಿಡ ಬೆರೆತಿತ್ತು. ಹಾಗಾಗಿ ಆ ಕಷಾಯದ ಪುಡಿಯ ಪ್ಯಾಕೆಟ್ಟನ್ನೂ ಡಾಕ್ಟರಿಗೆ ತೋರಿಸಿ. ಮತ್ತೆ ಚಳಿ ನಡುಕ ಬಂದರೆ, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

— ಸಂಪಾದಕ