1911ರ ಜನಗಣತಿಯಲ್ಲಿ ಮುತ್ತಜ್ಜನ ಹೆಸರು ಸಿಗುತ್ತಾ?

ಪ್ರಶ್ನೆ: ನಮ್ಮದು ಬೈಲಹೊಂಗಲ ಹತ್ತಿರದ ಹಳ್ಳಿ, ನಾನೀಗ ಲಂಡನ್ನಿನಲ್ಲಿದ್ದೇನೆ. ಇಲ್ಲಿ ಆಫೀಸಿನ ಗೆಳೆಯರೊಬ್ಬರು 1911ರ ಜನಗಣತಿ ಹಾಳೆ ತೆಗೆದು ಅದರಲ್ಲಿ ತಮ್ಮ ಮುತ್ತಜ್ಜನ ಕೈಬರಹವನ್ನೇ ತೋರಿಸಿದರು. ಆ ವರ್ಷ ನಮ್ಮಲ್ಲೂ ಗಣತಿ ಆಗಿತ್ತಲ್ವಾ? ನಮ್ಮ ಮುತ್ತಜ್ಜನ ಹಾಳೆ ಎಲ್ಲಿ ಸಿಗುತ್ತದೆ? ಅಪ್ಪನಿಗೆ ಅವರಜ್ಜನ ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಉತ್ತರ: ಆ ಹಾಳೆ ಸಿಗುವುದಿಲ್ಲ. ಹುಡುಕಿಕೊಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಮ್ಮಲ್ಲಿ ಮನೆಮನೆಯಲ್ಲಿ ಬರೆದುಕೊಂಡದ್ದನ್ನು ಚೀಟಿಗಿಳಿಸಿ, ಎಣಿಸಿ, ಅಂಕಿಗಳನ್ನಷ್ಟೇ ಅಚ್ಚು ಹಾಕಿದರು. ಹೆಸರಿದ್ದ ಹಾಳೆಗಳನ್ನು ಕಾಪಾಡಲಿಲ್ಲ. ಬ್ರಿಟನ್ನಿನವರು ಇಟ್ಟುಕೊಂಡರು, 1921ರದ್ದನ್ನು 2022ರಲ್ಲಿ ಜನರಿಗೆ ಬಿಟ್ಟರು. ನಮ್ಮಲ್ಲಿ ಸ್ವಾತಂತ್ರ್ಯದ ನಂತರದ್ದಂತೂ 1948ರ ಜನಗಣತಿ ಕಾಯ್ದೆ ಪ್ರಕಾರ ಗುಟ್ಟು, ನಿಮ್ಮ ಮನೆಯದ್ದೇ ಆದರೂ ನೋಡುವ ಹಕ್ಕಿಲ್ಲ.

ಅಚ್ಚಾದ ಸಂಪುಟಗಳನ್ನು ಓದಿ, ಆದರೆ ಮೈಸೂರಿನದ್ದಲ್ಲ. ನಿಮ್ಮ ಊರು ಆಗ ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆಯಲ್ಲಿತ್ತು, ತಾಲೂಕಿನ ಹೆಸರು ಸಂಪಗಾವಿ. ಬೈಲಹೊಂಗಲ ತಾಲೂಕು ಅಂತ ಹುಡುಕುತ್ತಾ ಕೂತರೆ ಸುಮ್ನೆ ಹೊತ್ತು ಹೋಗುತ್ತದೆ.

ಹೆಸರು ಬೇಕಿದ್ದರೆ ಹೊಲದ ಕಾಗದ ಹಿಡಿಯಿರಿ. ಈಗಿನ ಉತಾರದಲ್ಲಿರುವ (ಅಂದರೆ ಪಹಣಿಯಲ್ಲಿರುವ) ಸರ್ವೆ ನಂಬರ್ ಇಟ್ಟುಕೊಂಡು, ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಹಕ್ಕು ಬದಲಾವಣೆ ನಮೂದುಗಳ ನಕಲಿಗೆ ಅರ್ಜಿ ಹಾಕಿ. ಒಂದೊಂದಾಗಿ ಹಿಂದಕ್ಕೆ ಹೋಗಿ. ನಿಮಗೆ ಬೇಕಾದದ್ದು ವಾರಸಾ ನಮೂದು. ಜಮೀನಿನ ಯಜಮಾನ ತೀರಿಕೊಂಡಾಗ ಅವನ ಹೆಂಡತಿ ಯಾರು, ಗಂಡುಮಕ್ಕಳು ಎಷ್ಟು ಜನ, ಅವರಿಗೆಷ್ಟು ವಯಸ್ಸು ಅಂತ ಅದರಲ್ಲಿ ಬರೆಯುತ್ತಿದ್ದರು. ಮಗನ ಹೆಸರಿನ ಮುಂದೆ 'ಅಜ್ಞಾನ' ಅಂತಿದ್ದರೆ ಹುಡುಗ ಇನ್ನೂ ಪ್ರಾಪ್ತ ವಯಸ್ಸಿಗೆ ಬಂದಿರಲಿಲ್ಲ ಅಂತ ಅರ್ಥ, ಅಲ್ಲಿ ಪಾಲಕಿಯಾಗಿ ತಾಯಿಯ ಹೆಸರು ಇರಬಹುದು, ಮನೆಯಲ್ಲಿ ಎಲ್ಲರೂ ಮರೆತುಬಿಟ್ಟ ಆ ಹೆಸರು ನಿಮಗೆ ಸಿಗುವುದು ಇಂಥ ಸಾಲಿನಲ್ಲೇ. ತುಂಬಾ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹದಲ್ಲಿ, ಇರಬಹುದು, ಓದಬಲ್ಲವರು ಈಗ ಕಡಿಮೆ. ಫೋಟೋ ತೆಗೆದಿಟ್ಟುಕೊಳ್ಳಿ. ಹೊಲವೇ ಇರದಿದ್ದ ಮನೆಯವರು ಊರಿನ ಹಳೆಯ ಕನ್ನಡ ಶಾಲೆಯ ದಾಖಲಾತಿ ಪುಸ್ತಕ ನೋಡಬೇಕು.

ಇನ್ನೊಂದು ದಾರಿ ಹೆಳವರು, ಅಂದರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರು. ನನ್ನನ್ನು ಕೇಳಿದರೆ ನಿಮ್ಮ ಭಾಗಕ್ಕೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಎತ್ತು ಹೂಡಿಕೊಂಡು ಬಂದು, ಮನೆ ಮುಂದೆ ನಿಂತು, ನಿಮ್ಮ ಮನೆತನದ ಮೂಲ ಊರಿನಿಂದ ಹಿಡಿದು ತಲೆಮಾರುಗಳನ್ನು ಹೇಳುತ್ತಾ ಹೋಗುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಯಾವ ಹೆಳವರ ಮನೆ ಯಾವ ಮನೆತನಗಳಿಗೆ ಅನ್ನುವುದು ಮೊದಲಿನಿಂದ ನಡೆದು ಬಂದಿರುತ್ತದೆ, ಆದ್ದರಿಂದ ಎದುರಿಗೆ ಸಿಕ್ಕ ಹೆಳವರನ್ನೆಲ್ಲ ಕೇಳಿ ಪ್ರಯೋಜನವಿಲ್ಲ. ಊರಲ್ಲೇ ಉಳಿದಿರುವ ದಾಯಾದಿಗಳಿಗೆ ಅಪ್ಪನಿಂದ ಇವತ್ತೇ ಫೋನ್ ಮಾಡಿಸಿ, ನಿಮ್ಮ ಮನೆತನಕ್ಕೆ ಬರುವವರು ಯಾರು, ಕೊನೆಗೆ ಯಾವಾಗ ಬಂದಿದ್ದರು ಅಂತ ಕೇಳಲಿ. ಬಂದಾಗ ಅವರಿಗೆ ಕಾಳುಕಡಿ, ಕಾಣಿಕೆ ಕೊಟ್ಟು, ಒಪ್ಪಿದರೆ ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರ ಪುಸ್ತಕದಲ್ಲಿ ಗಂಡುಮಕ್ಕಳ ಸಾಲೇ ಜಾಸ್ತಿ. ನಮ್ಮ ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಬರೆದುಕೊಳ್ಳಿ ಅಂತ ಅವರನ್ನು ಕೇಳಿ.